ಒಂಟಿಯಾದ ಬಡ್ಜಿಗೆ ಹೊಸ ಜೊತೆ: ಪಂಜರದ ಬಾಗಿಲು ತೆಗೆಯೋ ಮುಂಚಿನ 40 ದಿನ

ಪ್ರಶ್ನೆ: ನಾವಿರೋದು ತುಮಕೂರಲ್ಲಿ, ಅತ್ತೆ, ಚಿಕ್ಕ ಮಗ ಜೊತೆಗಿದಾರೆ. ಮನೇಲಿ ಎರಡು ಲವ್ ಬರ್ಡ್ಸ್ ಇದ್ವು, ತಂದು ಮೂರು ವರ್ಷ ಆಗಿತ್ತು. ಹೋದ ತಿಂಗಳು ಹಸಿರು ಹೆಣ್ಣು ಎರಡು ದಿನ ಪುಕ್ಕ ಉಬ್ಬಿಸ್ಕೊಂಡು ಪಂಜರದ ತಳದಲ್ಲೇ ಕೂತಿತ್ತು, ಮೂರನೇ ದಿನ ಬೆಳಿಗ್ಗೆ ನೋಡಿದ್ರೆ ಹೋಗ್ಬಿಟ್ಟಿತ್ತು. ಈಗ ನೀಲಿ ಗಂಡು ಚಿಂಟು ಒಬ್ನೇ. ಇಡೀ ದಿನ ಕಿಚಿಪಿಚಿ ಅಂತಿದ್ದೋನು ಈಗ ಕನ್ನಡಿ ಮುಂದೆ ಸುಮ್ನೆ ಕೂತಿರ್ತಾನೆ. ಜೋಡಿ ಇಲ್ದಿದ್ರೆ ಇದೂ ಕೊರಗಿ ಸಾಯುತ್ತೆ ಅಂತಾರೆ ನಮ್ಮತ್ತೆ. ಅಂಗಡಿಯವ್ರು, ಇವತ್ತೇ ಒಂದು ಹೆಣ್ಣು ತಗೊಂಡೋಗಿ, ರಾತ್ರಿ ಲೈಟ್ ಆರಿಸಿ ಒಳಗೆ ಬಿಟ್ಬಿಡಿ, ಬೆಳಿಗ್ಗೆ ಹೊತ್ತಿಗೆ ಹೊಂದ್ಕೊಂಡಿರ್ತವೆ ಅಂದ್ರು. ಹಾಗೆ ಮಾಡ್ಬಹುದಾ? ಪಂಜರದಲ್ಲಿ ಮೊಟ್ಟೆ ಇಡೋ ಮಡಿಕೆ ಇನ್ನೂ ಹಾಗೇ ಇದೆ, ಅದು ಇರ್ಲಾ?

ಉತ್ತರ: ಬೇಡಿ, ದಯವಿಟ್ಟು ಹಾಗೆ ಮಾಡ್ಬೇಡಿ. ಇವತ್ತು ತರೋದೂ ಬೇಡ, ರಾತ್ರಿ ಬಿಡೋದೂ ಬೇಡ. ಯಾಕೆ ಅಂತ ಪೂರ್ತಿ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಓದಿ.

ಮೊದ್ಲು ನಿಮ್ಮತ್ತೆ ಮಾತಿಗೆ ಬರ್ತೀನಿ, ಆ ಭಯ ಮನಸ್ಸಲ್ಲಿದ್ರೆ ಮಿಕ್ಕಿದ್ದೆಲ್ಲಾ ಅವಸರದಲ್ಲೇ ಆಗೋದು. ಒಂದು ಹೋದ್ರೆ ಇನ್ನೊಂದೂ ಹೋಗುತ್ತೆ ಅನ್ನೋದು ಅವರು ಸುಮ್ನೆ ಹೇಳಿದ್ದಲ್ಲ, ಎಷ್ಟೋ ಮನೇಲಿ ಹಾಗೇ ಆಗಿದೆ, ಒಂದು ಸತ್ತು ಹದಿನೈದು ಇಪ್ಪತ್ತು ದಿನಕ್ಕೆ ಇನ್ನೊಂದು. ಆದ್ರೆ ನಾನು ನೋಡಿರೋ ಹಾಗೆ ಬಹಳ ಸಲ ಅದು ಕೊರಗಿಂದ ಆಗಿದ್ದಲ್ಲ, ಮೊದಲನೇದನ್ನ ಕೊಂಡೊಯ್ದ ಕಾಯಿಲೇನೇ ಎರಡನೇದಕ್ಕೂ ಅಂಟಿರುತ್ತೆ, ಒಂದೇ ನೀರು ಒಂದೇ ಕಾಳಿನ ಬಟ್ಲು ಒಂದೇ ಗಾಳಿ ಅಲ್ವಾ. ಹಾಗಾಗಿ ಈಗ ಚಿಂಟು ಬಗ್ಗೆ ನೀವು ಕೇಳ್ಬೇಕಾಗಿರೋ ಮೊದಲ ಪ್ರಶ್ನೆ ಜೊತೆ ಯಾವಾಗ ತರ್ಲಿ ಅನ್ನೋದಲ್ಲ, ಆ ಹಸಿರು ಹೆಣ್ಣು ಯಾಕೆ ಸತ್ತಿದ್ದು ಅನ್ನೋದು.

ಅವನಿಗೆ ಬೇಜಾರಾಗಿರೋದು ಸತ್ಯ, ಅದನ್ನ ಇಲ್ಲ ಅಂತಿಲ್ಲ. ನೀವು ಲವ್ ಬರ್ಡ್ಸ್ ಅಂತ ಬರ್ದಿದೀರಿ, ನಮ್ಮೂರ ಕಡೆ ಅಂಗಡಿಗಳಲ್ಲಿ ಆ ಹೆಸರಲ್ಲಿ ಮಾರೋದು ಬಹುಪಾಲು ಬಡ್ಜಿಗಳನ್ನೇ, ಬಡ್ಜರಿಗಾರ್ ಅನ್ನೋದು ಪೂರ್ತಿ ಹೆಸರು, ಆಸ್ಟ್ರೇಲಿಯಾದ ಹಕ್ಕಿ, ಅಲ್ಲಿನ ಒಣ ಬಯಲಲ್ಲಿ ಮಳೆ ಎಲ್ಲಿ ಬಿತ್ತೋ ಹುಲ್ಲಿನ ಬೀಜ ಎಲ್ಲಿ ಸಿಕ್ತೋ ಅಲ್ಲಿಗೆ ಹಿಂಡು ಹಿಂಡಾಗಿ ಹಾರ್ಕೊಂಡು ಹೋಗುತ್ತೆ. ಜಾನ್ ಗೌಲ್ಡ್ ಅನ್ನೋ ಪಕ್ಷಿ ತಜ್ಞ 1840ರಲ್ಲಿ ಜೀವಂತ ಬಡ್ಜಿಗಳನ್ನ ಇಂಗ್ಲೆಂಡಿಗೆ ತಗೊಂಡೋದ್ರು, ಆಮೇಲೆ ಪ್ರಪಂಚದ ಮನೆಮನೆಗೂ ಹಬ್ಬಿದ್ದು. ಪಂಜರದಲ್ಲಿ ಎಷ್ಟು ತಲೆಮಾರು ಕಳೆದ್ರೂ ಹಿಂಡಿನ ಬುದ್ಧಿ ಹೋಗಿಲ್ಲ. ಹಿಂಡಲ್ಲಿ ಒಂದಕ್ಕೊಂದು "ಎಲ್ಲಿದೀಯ" "ಇಲ್ಲಿದೀನಿ" ಅನ್ನೋ ಹಾಗೆ ಒಂದು ಚಿಕ್ಕ ಕರೆ ಕೂಗ್ತಾನೇ ಇರ್ತವೆ, ಜೋಡಿ ಕೂಡಿದ್ಮೇಲೆ ಗಂಡು ಹೆಣ್ಣಿನ ಕರೆಯನ್ನೇ ಕಲ್ತು ಅದೇ ಥರ ಕೂಗೋಕೆ ಶುರು ಮಾಡುತ್ತೆ. ನಿಮ್ಮ ಚಿಂಟು ಗಂಟಲಲ್ಲಿ ಇವತ್ತಿಗೂ ಆ ಹೆಣ್ಣಿನ ಕರೆ ಇರ್ಬಹುದು. ಕೂಗ್ತಾನೆ, ಉತ್ತರ ಬರಲ್ಲ, ಕೂಗೋದು ಕಮ್ಮಿ ಮಾಡ್ತಾನೆ. ಅದು ಒಂಟಿತನ, ಅದಕ್ಕೆ ಮದ್ದು ಇದೆ, ಆದ್ರೆ ಆರೋಗ್ಯವಾಗಿರೋ ಬಡ್ಜಿ ತಿಂಡಿ ತಿನ್ಕೊಂಡು, ಮನೆಯವ್ರ ಜೊತೆ ಮಾತಾಡ್ಕೊಂಡು ತಿಂಗಳು ಎರಡು ತಿಂಗಳು ಆರಾಮಾಗಿ ಕಾಯುತ್ತೆ. ಆ ಸಮಯ ನಿಮ್ಮ ಕೈಲಿದೆ.

ಈಗ ಆ ಹೆಣ್ಣಿನ ವಿಚಾರ. ಪಂಜರದ ತಳದಲ್ಲಿ ಉಬ್ಬಿಕೊಂಡು ಕೂತಿತ್ತು, ಮಡಿಕೆ ಇತ್ತು ಅಂತ ಬರ್ದಿದೀರಲ್ಲ, ಇದನ್ನ ಓದಿದ ತಕ್ಷಣ ನನಗೆ ಹೊಳೆದಿದ್ದು ಮೊಟ್ಟೆ ಒಳಗೆ ಸಿಕ್ಕಿಕೊಂಡಿರ್ಬಹುದು ಅಂತ. ಮಡಿಕೆ ಕಂಡ್ರೆ ಹೆಣ್ಣಿಗೆ ಮರಿ ಮಾಡೋ ಮನಸ್ಸು ಬರುತ್ತೆ, ಒಂದು ಸಲಕ್ಕೆ ನಾಲ್ಕರಿಂದ ಆರು ಮೊಟ್ಟೆ, ಅದಕ್ಕೆ ಬೇಕಾದ ಕ್ಯಾಲ್ಸಿಯಂ ಬರೀ ನವಣೆಯಿಂದ ಸಿಗಲ್ಲ, ಚಿಪ್ಪು ಮೆತ್ತಗಾಗಿ ಮೊಟ್ಟೆ ಹೊರಗೆ ಬರದೆ ಒಂದೆರಡು ದಿನದಲ್ಲಿ ಜೀವ ಹೋಗುತ್ತೆ. ಹೊಟ್ಟೆ ಕೆಳಗೆ ಊದಿತ್ತಾ, ಮುಕ್ಕರಿಸ್ತಿತ್ತಾ, ಬಾಲ ಮೇಲೆ ಕೆಳಗೆ ಆಡ್ತಿತ್ತಾ, ಹಿಂದೆ ಮೊಟ್ಟೆ ಇಟ್ಟಿತ್ತಾ, ನೆನಪು ಮಾಡ್ಕೊಳ್ಳಿ. ಹೌದು ಅನ್ನೋದಾದ್ರೆ ಅದು ಬಹುಶಃ ಅಂಟೋ ಕಾಯಿಲೆ ಅಲ್ಲ, ಚಿಂಟುಗೆ ಭಯ ಕಮ್ಮಿ. ಅದು ಬಿಟ್ಟು ವಾರಗಟ್ಟಲೆ ತಿಂತಾನೇ ಇದ್ದು ಸಣ್ಣ ಆಗ್ತಿತ್ತು, ವಾಂತಿ ಮಾಡಿ ತಲೆ ಮೇಲಿನ ಪುಕ್ಕ ಅಂಟಂಟಾಗಿತ್ತು, ಹಿಕ್ಕೇಲಿ ಕಾಳು ಹಾಗೇ ಇಡಿಯಾಗಿ ಬರ್ತಿತ್ತು ಅಂದ್ರೆ ವಿಷಯ ಬೇರೆ, ಅದು ಮೆಗಾಬ್ಯಾಕ್ಟೀರಿಯಾ ಇರ್ಬಹುದು (ಹೆಸರು ಹಾಗಿದ್ರೂ ಅದೊಂದು ಫಂಗಸ್), ಬಡ್ಜಿಗಳಲ್ಲಿ ಬಹಳ ಸಾಮಾನ್ಯ, ಹಿಕ್ಕೆ ಮೂಲಕ ಒಂದರಿಂದ ಒಂದಕ್ಕೆ ಹೋಗುತ್ತೆ, ಮೇಲ್ನೋಟಕ್ಕೆ ಚೆನ್ನಾಗಿರೋ ಹಕ್ಕಿ ಒಳಗೂ ವರ್ಷಗಟ್ಟಲೆ ಇರುತ್ತೆ. ಆಗ ಹೊಸ ಹಕ್ಕಿಗೆ ಅಪಾಯ ಚಿಂಟು ಕಡೆಯಿಂದಾನೇ. ಎಲ್ಲರೂ ಹೊಸ ಹಕ್ಕಿ ರೋಗ ತರುತ್ತೆ ಅಂತ ಹೆದರ್ತಾರೆ, ಮನೇಲಿರೋ ಹಳೇ ಹಕ್ಕೀನೂ ಕೊಡುತ್ತೆ ಅನ್ನೋದನ್ನ ಯಾರೂ ಯೋಚಿಸಲ್ಲ.

ಅದಕ್ಕೆ ಮೊದಲ ಕೆಲಸ ಚಿಂಟುನ ಡಾಕ್ಟ್ರಿಗೆ ತೋರಿಸೋದು. ಹಸು ಕುರಿ ನಾಯಿ ನೋಡೋ ಎಲ್ಲರೂ ಇಷ್ಟು ಚಿಕ್ಕ ಹಕ್ಕಿ ನೋಡಲ್ಲ, ಫೋನ್ ಮಾಡಿ ಹಕ್ಕಿ ನೋಡ್ತಾರಾ ಅಂತ ಕೇಳ್ಕೊಂಡೇ ಹೋಗಿ, ನಿಮಗೆ ಬೆಂಗಳೂರು ಹತ್ರ, ಹೆಬ್ಬಾಳದ ವೆಟರ್ನರಿ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಿ. ಬೇರೆ ಊರಿನವ್ರು ಓದ್ತಿದ್ರೆ ಹಾಸನ, ಶಿವಮೊಗ್ಗ, ಬೀದರ್‌ನಲ್ಲೂ ವೆಟರ್ನರಿ ಕಾಲೇಜುಗಳಿವೆ. ಪಂಜರದ ತಳಕ್ಕೆ ಬಿಳಿ ಪೇಪರ್ ಹಾಕಿ ಆವತ್ತಿನ ತಾಜಾ ಹಿಕ್ಕೇನೂ ತಗೊಂಡೋಗಿ, ಅದನ್ನ ಮೈಕ್ರೋಸ್ಕೋಪ್‌ನಲ್ಲಿ ನೋಡಿದ್ರೇನೇ ಅರ್ಧ ಗೊತ್ತಾಗುತ್ತೆ. ಮಾತ್ರೆ ಪುಡಿ ಮಾಡಿ ನೀರಿಗೆ ಹಾಕೋದು, ಅಂಗಡಿಯವ್ರು ಕೊಟ್ಟ ಬಣ್ಣದ ನೀರು ಕುಡಿಸೋದು ಇವೆಲ್ಲ ಬೇಡ, 35 ಗ್ರಾಮಿನ ಜೀವಕ್ಕೆ ಒಂದು ಹನಿ ಹೆಚ್ಚಾದ್ರೂ ಹೆಚ್ಚೇ.

ಗ್ರಾಮ್ ಅಂದೆನಲ್ಲ, ಅಡುಗೆಮನೆ ಡಿಜಿಟಲ್ ತಕ್ಕಡಿ ಇದ್ರೆ ಅದಕ್ಕಿಂತ ದೊಡ್ಡ ಉಪಕಾರಿ ಇಲ್ಲ. ಬೆಳಿಗ್ಗೆ ಎದ್ದು ಮೊದಲ ಹಿಕ್ಕೆ ಹಾಕಿದ್ಮೇಲೆ, ಕಾಳು ತಿನ್ನೋಕೆ ಮುಂಚೆ, ಒಂದು ಚಿಕ್ಕ ಡಬ್ಬೀಲಿ ಕೂರಿಸಿ ತೂಗಿ ಕ್ಯಾಲೆಂಡರ್ ಮೇಲೆ ಬರೀರಿ. ನಮ್ಮಲ್ಲಿ ಸಿಗೋ ಸಾಮಾನ್ಯ ಬಡ್ಜಿ 30ರಿಂದ 40 ಗ್ರಾಮ್ ಇರುತ್ತೆ. 36 ಇದ್ದಿದ್ದು ವಾರದಲ್ಲಿ 32ಕ್ಕೆ ಬಂತಾ, ಹಕ್ಕಿ ಎಷ್ಟೇ ಚಟುವಟಿಕೆಯಿಂದ ಕಂಡ್ರೂ ಡಾಕ್ಟ್ರ ಹತ್ರ ಓಡಿ. ಬಡ್ಜಿ ಕಾಯಿಲೇನ ಮುಚ್ಚಿಡುತ್ತೆ, ಕಾಡಲ್ಲಿ ಸೊರಗಿದ್ದು ಕಂಡ್ರೆ ಗಿಡುಗ ಅದನ್ನೇ ಎತ್ಕೊಂಡೋಗುತ್ತೆ, ಹಾಗಾಗಿ ಉಬ್ಬಿಕೊಂಡು ಕೂತಿದೆ ಅಂತ ನಮ್ಮ ಕಣ್ಣಿಗೆ ಬೀಳೋ ಹೊತ್ತಿಗೆ ಅದು ಎಷ್ಟೋ ದಿನದಿಂದ ನರಳ್ತಿರುತ್ತೆ. ತಕ್ಕಡಿಗೆ ಮಾತ್ರ ಮುಚ್ಚಿಡೋಕಾಗಲ್ಲ.

ನನ್ನ ಕಥೆ ಒಂದು ಹೇಳ್ಬೇಕು. ಹಕ್ಕಿ ಸಾಕೋಕೆ ಶುರು ಮಾಡಿದ ಎರಡನೇ ವರ್ಷ, ನನ್ನ ಹತ್ರ ಹಳದಿ ಗಂಡು ಒಂದಿತ್ತು, ಒಂಟಿ, ಅದಕ್ಕೆ ಅಂತ ಸಂತೇಲಿ ಒಂದು ಬಿಳಿ ಹೆಣ್ಣು ತಂದೆ, ಚೆಂದ ಇತ್ತು, ಸಂಜೆ ತಂದು ಸಂಜೇನೇ ಒಳಗೆ ಬಿಟ್ಟೆ. ಎರಡೂ ಒಂದರ ಪಕ್ಕ ಒಂದು ಕೂತ್ವು, ನಾನು ಮನೆಯವ್ರನ್ನೆಲ್ಲ ಕರ್ದು ತೋರಿಸ್ದೆ. ಐದನೇ ದಿನ ಬಿಳಿ ಹಕ್ಕಿ ಕೆಳಗೆ ಕೂತ್ತು, ಎಂಟನೇ ದಿನ ಹೋಯ್ತು, ಹನ್ನೆರಡನೇ ದಿನ ಹಳದಿದೂ ಹೋಯ್ತು. ಹಳದಿ ಹಕ್ಕೀನ ಕೈಯಲ್ಲಿ ಎತ್ಕೊಂಡಾಗ ಎದೆ ಮೂಳೆ ಚಾಕು ಥರ ಬೆರಳಿಗೆ ತಾಕ್ತು, ಅಷ್ಟು ಸಣ್ಣ ಆಗಿತ್ತು, ಪುಕ್ಕದ ಮೇಲಿಂದ ನನಗೆ ಗೊತ್ತೇ ಆಗಿರ್ಲಿಲ್ಲ. ಆವತ್ತಿಂದ ನಮ್ಮನೇಲಿ ಯಾವ ಹೊಸ ಹಕ್ಕಿ ಬಂದ್ರೂ 40 ದಿನ ಬೇರೆ ರೂಮು. 30 ದಿನ ಕನಿಷ್ಠ ಅಂತಾರೆ ಡಾಕ್ಟ್ರುಗಳು, ನಾನು 40 ಇಡ್ತೀನಿ, ಒಂದು ಮಂಡಲ 48 ದಿನ ಕಾಯೋಕಾದ್ರೆ ಇನ್ನೂ ಸಂತೋಷ.

ಬೇರೆ ರೂಮು ಅಂದ್ರೆ ಬಾಗಿಲು ಹಾಕೋ ರೂಮು. ಹಾಲಿನ ಆ ಮೂಲೆ ಈ ಮೂಲೆ ಅಲ್ಲ, ಹಿಕ್ಕೆ ಒಣಗಿ ಪುಡಿಯಾಗಿ, ಪುಕ್ಕದ ಧೂಳು ಫ್ಯಾನ್ ಗಾಳೀಲಿ ಮನೆಯೆಲ್ಲ ಸುತ್ತುತ್ತೆ. ಮನೆ ಚಿಕ್ಕದು ಅಂದ್ರೆ ತವರು ಮನೇಲೋ ಸ್ನೇಹಿತರ ಮನೇಲೋ ಒಂದು ತಿಂಗಳು ಇಟ್ಕೊಳ್ಳೋಕೆ ಕೇಳಿ, ಅವರ ಮನೇಲಿ ಬೇರೆ ಹಕ್ಕಿ ಇರ್ಬಾರ್ದು ಅಷ್ಟೇ. ಬಟ್ಲು, ಕ್ಲೀನ್ ಮಾಡೋ ಬಟ್ಟೆ ಎಲ್ಲ ಬೇರೆ ಬೇರೆ. ದಿನಾ ಮೊದ್ಲು ಚಿಂಟು ಕೆಲಸ, ಆಮೇಲೆ ಹೊಸದರದ್ದು, ಆಮೇಲೆ ಸೋಪು ಹಾಕಿ ಕೈ ತೊಳ್ಕೊಳ್ಳಿ. ಇನ್ನೊಂದು ವಿಷಯ, ಸಿಟಕೋಸಿಸ್ ಅಂತ ಒಂದು ಕಾಯಿಲೆ ಗಿಳಿ ಜಾತಿ ಹಕ್ಕಿಯಿಂದ ಮನುಷ್ಯರಿಗೂ ಬರುತ್ತೆ, ಜ್ವರ, ತಲೆನೋವು, ಒಣ ಕೆಮ್ಮು ಇರುತ್ತೆ, ಮನೇಲಿ ಮಗು ಇದೆ, ವಯಸ್ಸಾದವ್ರಿದಾರೆ, ಯಾರಿಗಾದ್ರೂ ಹಾಗಾದ್ರೆ ಡಾಕ್ಟ್ರಿಗೆ ಮನೇಲಿ ಹಕ್ಕಿ ಇದೆ ಅಂತ ಹೇಳೋದು ಮರೀಬೇಡಿ. ಒಣಗಿದ ಹಿಕ್ಕೆ ಗುಡಿಸೋಕೆ ಮುಂಚೆ ನೀರು ಚಿಮುಕಿಸಿ.

ಈ 40 ದಿನ ವ್ಯರ್ಥ ಅಂತ ಅನ್ಕೋಬೇಡಿ, ಬಡ್ಜಿಗಳ ಪರಿಚಯ ಶುರುವಾಗೋದೇ ಕಿವಿಯಿಂದ. ಬಾಗಿಲು ಹಾಕಿದ್ರೂ ಧ್ವನಿ ಕೇಳುತ್ತೆ. ನಮ್ಮನೇಲಿ ಹೋದ ಸಲ ಹೊಸ ಹಕ್ಕಿ ಮಹಡಿ ರೂಮಲ್ಲಿತ್ತು, ಎಂಟು ದಿನ ಕಮಕ್ ಕಿಮಕ್ ಇಲ್ಲ, ಒಂಬತ್ತನೇ ದಿನ ಬೆಳಿಗ್ಗೆ ನಾನು ಕಾಫಿ ಕುಡೀತಿದ್ದೆ, ಕೆಳಗಿನ ಹಳೇ ಗಂಡು ಯಾವಾಗ್ಲೂ ಕೂಗೋ ಹಾಗೆ ಒಂದು ಸಲ ಕೂಗ್ತು, ಮೇಲಿಂದ ಸಣ್ಣಗೆ ಒಂದು ಕರೆ ಬಂತು. ಇದು ಕತ್ತು ನೀಳ ಮಾಡಿ, ಮೈ ಪುಕ್ಕ ಎಲ್ಲ ಬಿಗಿ ಮಾಡ್ಕೊಂಡು, ಕಡ್ಡಿ ತರ ನಿಂತ್ಬಿಡ್ತು. ಎರಡು ನಿಮಿಷ ಅಲ್ಲಾಡ್ಲಿಲ್ಲ. ಆಮೇಲೆ ಶುರು ಮಾಡ್ತು ನೋಡಿ, ಮಧ್ಯಾಹ್ನದವರೆಗೂ ನಿಲ್ಲಿಸ್ಲಿಲ್ಲ. ಚಿಂಟುಗೂ ಅದು ಬರುತ್ತೆ.

ಈಗ ಯಾವ ಹಕ್ಕಿ ತರ್ಬೇಕು. ಕೊಕ್ಕಿನ ಮೇಲೆ ಮೂಗಿನ ತೂತಿರೋ ಮೆತ್ತನೆ ಚರ್ಮ ಇದೆಯಲ್ಲ, ಸೀರ್ ಅಂತಾರೆ, ದೊಡ್ಡ ಗಂಡಿಗೆ ಅದು ಪೂರ್ತಿ ನೀಲಿ, ಹೆಣ್ಣಿಗೆ ಕಂದು ಅಥವಾ ಮಾಸಲು ಬಿಳಿ, ಮೂಗಿನ ತೂತಿನ ಸುತ್ತ ಬಿಳಿ ಉಂಗುರ. ಪೂರ್ತಿ ಹಳದಿ, ಪೂರ್ತಿ ಬಿಳಿ ಹಕ್ಕಿಗಳಲ್ಲಿ ಗಂಡಿಗೂ ನೀಲಿ ಬರದೆ ಗುಲಾಬಿ ಬಣ್ಣಾನೇ ಉಳೀಬಹುದು, ಅಲ್ಲಿ ಮೋಸ ಹೋಗ್ಬೇಡಿ. ಮರಿಗಳಿಗೆ ಹಣೆ ಮೇಲೆ ಕೊಕ್ಕಿನವರೆಗೂ ಗೆರೆ ಇರುತ್ತೆ, ಕಣ್ಣು ಪೂರ್ತಿ ಕಪ್ಪು, ಮೂರು ನಾಲ್ಕು ತಿಂಗಳಿಗೆ ಗರಿ ಉದುರಿ ಹೊಸದು ಬಂದಾಗ ಹಣೆ ಗೆರೆ ಹೋಗುತ್ತೆ. ನಿಮಗೆ ಮರಿ ಮಾಡಿಸೋ ಆಸೆ ಇಲ್ಲ ಅಂದ್ರೆ ನನ್ನ ಸಲಹೆ ಇನ್ನೊಂದು ಗಂಡು ತನ್ನಿ. ಗಂಡುಗಳು ಒಟ್ಟಿಗೆ ಚೆನ್ನಾಗಿರ್ತವೆ, ಒಂದಕ್ಕೊಂದು ತಲೆ ಕೆರೀತವೆ, ತುತ್ತೂ ಕೊಡ್ತವೆ. ಹೆಣ್ಣು ತಂದ್ರೂ ತಪ್ಪಿಲ್ಲ, ಆದ್ರೆ ಮಡಿಕೆ ಮಾತ್ರ ಇವತ್ತೇ ತೆಗೀರಿ, ಅದು ಇದ್ರೆ ಹೆಣ್ಣು ಜಾಗಕ್ಕೋಸ್ಕರ ಜಗಳ ಆಡುತ್ತೆ, ಮತ್ತೆ ಮೊಟ್ಟೆ, ಮತ್ತೆ ಅದೇ ಅಪಾಯ. ಎರಡು ಹೆಣ್ಣನ್ನ ಒಂದೇ ಪಂಜರದಲ್ಲಿ ಇಡೋ ಯೋಚನೆ ಬೇಡ, ಹೆಣ್ಣು ಬಡ್ಜಿ ಕಚ್ಚಿದ್ರೆ ರಕ್ತ ಬರೋ ಹಾಗೆ ಕಚ್ಚುತ್ತೆ. ನಿಜವಾದ ಲವ್ ಬರ್ಡ್, ಅಂದ್ರೆ ಆಫ್ರಿಕಾದ್ದು, ದಪ್ಪ ಕೊಕ್ಕು ಮೊಂಡು ಬಾಲದ್ದು, ಅದನ್ನಂತೂ ಬಡ್ಜಿ ಜೊತೆ ಬಿಡ್ಲೇಬೇಡಿ, ಕಾಲ್ಬೆರಳು ಕತ್ತರಿಸಿಬಿಡುತ್ತೆ. ನಮ್ಮ ಹಸಿರು ಗಿಳೀನ ಯಾರಾದ್ರೂ ಜೊತೆಗೆ ಕೊಡ್ತೀನಿ ಅಂದ್ರೆ ಅದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಅದನ್ನೂ ಹೇಳ್ಬಿಡ್ತೀನಿ.

ಅಂಗಡೀಲಿ ಹೋದ ತಕ್ಷಣ ಬೆಲೆ ಕೇಳ್ಬೇಡಿ, ದೂರ ನಿಂತು ಹತ್ತು ನಿಮಿಷ ನೋಡಿ, ಜನ ಹತ್ರ ಬಂದ್ರೆ ಕಾಯಿಲೆ ಹಕ್ಕೀನೂ ಹುಷಾರಾಗಿರೋ ಹಾಗೆ ನಿಲ್ಲುತ್ತೆ. ಬಾಲದ ಕೆಳಗೆ ಹಿಕ್ಕೆ ಅಂಟಿರ್ಬಾರ್ದು, ಉಸಿರಾಡುವಾಗ ಬಾಲ ಮೇಲೆ ಕೆಳಗೆ ಆಡ್ಬಾರ್ದು, ಕೊಕ್ಕಿನ ಸುತ್ತ ಜೇನುಗೂಡಿನ ಥರ ಸಣ್ಣ ತೂತಿನ ಬಿಳಿ ಪೊರೆ ಇರ್ಬಾರ್ದು (ಅದು ಕಣ್ಣಿಗೆ ಕಾಣದಷ್ಟು ಸಣ್ಣ ಹುಳ, ಔಷಧಿ ಇದೆ, ಆದ್ರೆ ಅಂಟುತ್ತೆ). ಅದೇ ಪಂಜರದಲ್ಲಿ ರೆಕ್ಕೆಯ ದೊಡ್ಡ ಗರಿ ಉದುರಿ ಹಾರೋಕಾಗದೆ ಕೆಳಗೆ ಓಡಾಡೋ ಮರಿ ಒಂದು ಕಂಡ್ರೂ ಅಲ್ಲಿಂದ ಯಾವುದನ್ನೂ ತರ್ಬೇಡಿ, ವೈರಸ್ ಇರೋ ಸಾಧ್ಯತೆ ಇದೆ. ಮೂಲೇಲಿ ಕೂತಿರೋದನ್ನ ನೋಡಿ ಕರುಳು ಚುರುಕ್ ಅನ್ನುತ್ತೆ, ನನಗೂ ಅನ್ನುತ್ತೆ, ಆದ್ರೂ ಚಿಂಟು ಮುಖ ನೆನಪು ಮಾಡ್ಕೊಂಡು ವಾಪಸ್ ಬನ್ನಿ.

40 ದಿನ ಆಯ್ತು, ತೂಕ ಇಳಿದಿಲ್ಲ, ಹಿಕ್ಕೆ ಟೆಸ್ಟ್ ಸರಿ ಬಂತು ಅಂತ ಇಟ್ಕೊಳ್ಳಿ. ಈಗ ಎರಡು ಪಂಜರಾನೂ ಒಂದೇ ರೂಮಿಗೆ ತನ್ನಿ, ಮೊದ್ಲು ನಾಲ್ಕೈದು ಅಡಿ ದೂರ, ದಿನಾ ಸ್ವಲ್ಪ ಹತ್ರ. ಮಧ್ಯೆ ಒಂದು ಗೇಣು ಬಿಟ್ಟಿರಿ, ಅಂಟಿಸಿದ್ರೆ ಸರಳಿನ ಮಧ್ಯೆ ಕಾಲ್ಬೆರಳು ಕಚ್ತವೆ. ಇದು ಬಂದು ಅದರ ಕಡೆ ಕೂರುತ್ತೆ, ಅದು ತಿಂದಾಗ ಇದೂ ತಿನ್ನುತ್ತೆ, ಹಗಲು ಒಟ್ಟಿಗೆ ತೂಕಡಿಸ್ತವೆ, ಒಂದು ಆಕಳಿಸಿದ್ರೆ ಇನ್ನೊಂದೂ ಆಕಳಿಸುತ್ತೆ, ನಮ್ಮ ಹಾಗೇನೇ. ಇಷ್ಟು ಕಂಡ್ರೆ ಮುಂದಿನ ಹೆಜ್ಜೆ. ಒಂದು ವಾರಕ್ಕೆ ಆಗ್ಬಹುದು, ಮೂರು ವಾರಾನೂ ಆಗ್ಬಹುದು.

ಮೊದಲ ಭೇಟಿ ಪಂಜರದ ಹೊರಗೆ, ಬೆಳಿಗ್ಗೆ ಹೊತ್ತು, ಚಿಂಟುಗೆ ತನ್ನದು ಅಂತ ಅನ್ನಿಸದ ರೂಮಲ್ಲಿ. ಸೀಲಿಂಗ್ ಫ್ಯಾನ್ ಆಫ್, ಬರೀ ಆಫ್ ಅಲ್ಲ, ಯಾರೂ ಗೊತ್ತಿಲ್ದೆ ಹಾಕದ ಹಾಗೆ ಸ್ವಿಚ್ ಮೇಲೆ ಟೇಪ್ ಅಂಟಿಸಿ, ನಮ್ಮ ಮನೆಗಳಲ್ಲಿ ಬಡ್ಜಿಗೆ ಫ್ಯಾನಿನಷ್ಟು ದೊಡ್ಡ ಶತ್ರು ಇಲ್ಲ. ಕಿಟಕಿಗೆ ಪರದೆ ಎಳೀರಿ, ಗಾಜು ಅಂತ ಗೊತ್ತಾಗದೆ ಹೋಗಿ ಹೊಡ್ಕೊಳ್ತವೆ. ಟೇಬಲ್ ಮೇಲೆ ಎರಡು ಕಡೆ ನವಣೆ ತೆನೆ ಇಡಿ, ನೀವು ದೂರ ಕೂತ್ಕೊಳ್ಳಿ. ಕೊಕ್ಕಿಗೆ ಕೊಕ್ಕು ತಾಗಿಸಿ ಟಕಟಕ ಅನ್ನೋದು, ಒಂದು ಓಡಿದ್ರೆ ಇನ್ನೊಂದು ಅಟ್ಟಿಸ್ಕೊಂಡು ಹೋಗೋದು, ಬಾಯಿ ತೆಗೆದು ಗದರೋದು, ಇವೆಲ್ಲ ಮಾಮೂಲಿ, ಮಧ್ಯೆ ಹೋಗ್ಬೇಡಿ. ಕಾಲು ಕಚ್ಚಿ ಎಳೆಯೋದು, ಒಂದರ ಮೇಲೊಂದು ಬಿದ್ದು ಉರುಳಾಡೋದು, ಒಂದು ಹನಿ ರಕ್ತ, ಇದಾದ್ರೆ ಬೇರೆ ಮಾಡಿ, ಕೈ ಹಾಕೋ ಬದ್ಲು ಟವಲ್ ಹಾಕಿ, ಮತ್ತೆ ನಾಲ್ಕು ದಿನ ಪಕ್ಕಪಕ್ಕದ ಪಂಜರ. ದಿನಕ್ಕೆ ಅರ್ಧ ಗಂಟೆಯಿಂದ ಶುರು ಮಾಡಿ ಜಾಸ್ತಿ ಮಾಡ್ತಾ ಬನ್ನಿ.

ರಾತ್ರಿ ಬಿಡೋ ವಿಷ್ಯ ಕೇಳಿದ್ರಲ್ಲ, ಕೋಳಿ ಸಾಕೋರು ಹೊಸ ಕೋಳೀನ ಕತ್ತಲಲ್ಲಿ ಗೂಡಿಗೆ ಬಿಡ್ತಾರೆ, ಕೋಳಿಗೆ ಅದು ನಡೆಯುತ್ತೆ. ಬಡ್ಜಿ ಕತ್ತಲಲ್ಲಿ ಬೆಚ್ಚಿದ್ರೆ ಪಂಜರದ ತುಂಬ ಬಡ್ಕೊಂಡು ರೆಕ್ಕೆ ಮುರ್ಕೊಳ್ಳುತ್ತೆ, ಪಕ್ಕದಲ್ಲಿ ಗುರುತಿಲ್ಲದ ಹಕ್ಕಿ ಇದ್ರೆ ಬೆಚ್ಚದೆ ಇರುತ್ತಾ?

ಒಂದೇ ಪಂಜರಕ್ಕೆ ಸೇರಿಸೋ ದಿನ ಆ ಪಂಜರ ಚಿಂಟುಗೂ ಹೊಸದರ ಥರ ಕಾಣ್ಬೇಕು. ಬಿಸಿನೀರಲ್ಲಿ ಚೆನ್ನಾಗಿ ತೊಳ್ದು ಬಿಸಿಲಲ್ಲಿ ಒಣಗಿಸಿ, ಹಳೇ ಮರದ ಕಡ್ಡಿ ಎಸೆದು ಸೀಬೆ ಇಲ್ಲ ಬೇವಿನ ಹಸಿ ಕೊಂಬೆ ಹಾಕಿ, ದಪ್ಪ ಸಣ್ಣ ಬೇರೆ ಬೇರೆ ಇದ್ರೆ ಕಾಲಿಗೂ ಒಳ್ಳೇದು, ಬಟ್ಲುಗಳ ಜಾಗ ಬದಲಾಯಿಸಿ. ಬಟ್ಲು ಎರಡೆರಡು, ಎರಡು ಕೊನೆಗೆ, ಒಂದೇ ಎತ್ತರದಲ್ಲಿ. ಕನ್ನಡಿ ತೆಗೀರಿ, ಅದನ್ನ ಹೊಸ ಹಕ್ಕಿ ಬರೋಕೆ ಮುಂಚೇನೇ ತೆಗೀರಿ, ಚಿಂಟು ಅದರೊಳಗಿನ ಹಕ್ಕೀನ ಜೊತೆ ಅನ್ಕೊಂಡಿದಾನೆ, ಅದಕ್ಕೆ ತುತ್ತು ಕೊಡೋಕೆ ಹೋಗಿ ಕಾಳು ಕಕ್ತಾನೆ, ಎದುರಿಗೆ ನಿಜವಾದ ಹಕ್ಕಿ ಬಂದ್ರೂ ಕನ್ನಡೀನೇ ಕಾಯ್ತಾನೆ. ಪಂಜರ ಉದ್ದ ಇರ್ಬೇಕು, ಎತ್ತರ ಆಮೇಲೆ, ಬಡ್ಜಿ ಅಡ್ಡಕ್ಕೆ ಹಾರುತ್ತೆ. ಎರಡು ಹಕ್ಕಿಗೆ 60 ಸೆಂಟಿಮೀಟರ್ ಉದ್ದಕ್ಕಿಂತ ಚಿಕ್ಕದು ಬೇಡ, 90 ಆದ್ರೆ ಒಳ್ಳೇದು, ಸರಳಿನ ಮಧ್ಯೆ ಅರ್ಧ ಇಂಚಿಗಿಂತ ಜಾಸ್ತಿ ಸಂದು ಇರ್ಬಾರ್ದು. ದುಂಡನೆ ಪಂಜರ ಬೇಡ.

ಊಟ ಸರಿ ಇದ್ರೆ ಜಗಳಾನೂ ಕಮ್ಮಿ. ನವಣೆ, ಸಾಮೆ, ಸ್ವಲ್ಪ ಸಜ್ಜೆ, ನಮ್ಮ ತುಮಕೂರು ಚಿತ್ರದುರ್ಗದ ಕಡೆ ಬೆಳೆಯೋ ಸಿರಿಧಾನ್ಯಗಳೇ ಇವಕ್ಕೆ ಹಬ್ಬದೂಟ, ಆದ್ರೆ ಬರೀ ಕಾಳು ಸಾಲಲ್ಲ. ಕೊತ್ತಂಬರಿ, ಮೆಂತ್ಯ, ನುಗ್ಗೆ ಸೊಪ್ಪು ಚೆನ್ನಾಗಿ ತೊಳ್ದು ಹಸಿಯಾಗೇ ಸಿಕ್ಕಿಸಿ, ಕ್ಯಾರೆಟ್ ತುರಿ, ಎಳೇ ಜೋಳದ ತೆನೆ ಕೊಡಿ. ಕ್ಯಾಲ್ಸಿಯಂಗೆ ಕಡಲನೊರೆ, ಅಂಗಡೀಲಿ ಕಟಲ್‌ಬೋನ್ ಅಂತಾರೆ, ಒಂದು ಯಾವಾಗ್ಲೂ ನೇತಾಡ್ತಿರ್ಲಿ. ಬೆಣ್ಣೆಹಣ್ಣು, ಚಾಕೊಲೇಟ್, ಈರುಳ್ಳಿ, ಉಪ್ಪು ಖಾರ ಹಾಕಿದ್ದು ಯಾವುದೂ ಬೇಡ. ಪಂಜರ ಅಡುಗೆಮನೆ ಹತ್ರ ಇದ್ರೆ ದೂರ ಇಡಿ, ನಾನ್‌ಸ್ಟಿಕ್ ಪಾತ್ರೆ ಖಾಲಿ ಕಾದು ಹೊಗೆ ಬಂದ್ರೆ ನಮಗೆ ವಾಸನೆ ಗೊತ್ತಾಗೋ ಮುಂಚೆ ಹಕ್ಕಿ ಸತ್ತಿರುತ್ತೆ. ಸಾಂಬ್ರಾಣಿ, ಊದುಬತ್ತಿ, ಸೊಳ್ಳೆಬತ್ತಿ ಹೊಗೇನೂ ಅವುಗಳ ಶ್ವಾಸಕ್ಕೆ ಆಗಲ್ಲ.

ಜೊತೆ ಬಂದ್ಮೇಲೆ ಚಿಂಟು ನಮ್ಮನ್ನ ಮರೀತಾನಾ ಅಂತ ನಿಮ್ಮ ಮಗ ಕೇಳೇ ಕೇಳ್ತಾನೆ. ಮರೆಯಲ್ಲ, ಆದ್ರೆ ಹೆಗಲ ಮೇಲೆ ಕೂರೋ ಸಮಯ ಸ್ವಲ್ಪ ಕಮ್ಮಿ ಆಗ್ಬಹುದು, ಅದನ್ನ ಮಗುಗೆ ಮುಂಚೇನೇ ಹೇಳಿ. ಗಂಡು ಬಡ್ಜಿ ಕಲ್ತ ಮಾತು ಸಾಮಾನ್ಯವಾಗಿ ಬಿಡಲ್ಲ. ಅಮೆರಿಕದ ಪಕ್ ಅನ್ನೋ ಬಡ್ಜಿಗೆ 1728 ಪದ ಬರ್ತಿತ್ತು ಅಂತ 1995ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿತ್ತು, ಅಷ್ಟು ತಲೆ ಇರೋ ಹಕ್ಕಿ ಇದು. ಈ ಕಾಯೋ ದಿನಗಳಲ್ಲಿ ಮಗ ಪಂಜರದ ಪಕ್ಕ ಕೂತು ಪಾಠ ಗಟ್ಟಿಯಾಗಿ ಓದ್ಲಿ, ನೀವು ಸೊಪ್ಪು ಬಿಡಿಸೋ ಕೆಲಸ ಅಲ್ಲೇ ಕೂತು ಮಾಡಿ, ಒಂದೆಸಳು ಅವನಿಗೆ ಕೊಟ್ಟು ನೀವೂ ಬಾಯಾಡಿಸಿದ ಹಾಗೆ ಮಾಡಿ, ಹಿಂಡು ತಿನ್ನೋದು ನೋಡಿದ್ರೆ ಅವನೂ ತಿಂತಾನೆ. ರಾತ್ರಿ ಹತ್ತು ಹನ್ನೆರಡು ಗಂಟೆ ನಿದ್ದೆ ಬೇಕು ಅವನಿಗೆ, ಟಿವಿ ಇರೋ ಹಾಲಲ್ಲಿದ್ರೆ ಸಂಜೆ ಏಳೂವರೆಗೆ ಒಳಗಿನ ರೂಮಿಗೆ ಎತ್ತಿಡಿ.

ಇವತ್ತು ಮಡಿಕೆ ತೆಗೆದು, ನಾಳೆ ಬೆಳಿಗ್ಗೆ ಚಿಂಟುನ ತೂಗಿ, ಬಿಳಿ ಪೇಪರ್ ಮೇಲಿನ ಹಿಕ್ಕೆ ಹತ್ತಿರದಿಂದ ಒಂದು ಫೋಟೋ ತೆಗೆದು ತೂಕದ ಜೊತೆ ಬರ್ದು ಕಳ್ಸಿ. ಹಸಿರು ಹೆಣ್ಣು ಹಿಂದೆ ಮೊಟ್ಟೆ ಇಟ್ಟಿತ್ತಾ ಅನ್ನೋದನ್ನೂ ಬರೀರಿ. ಅದನ್ನ ನೋಡಿ ಡಾಕ್ಟ್ರ ಹತ್ರ ಏನೇನು ಕೇಳ್ಬೇಕು ಅಂತ ಹೇಳ್ತೀನಿ.